ಹಣೆಯ ಮೇಲಿನ ಎರಡು ಬರಹ

ಮಗುವಿಗೆ ದೀಕ್ಷಾಸ್ನಾನ ಕೊಡುವ ದಿನ ಮೊದಲು ಗುರುಗಳು, ಅನಂತರ ತಂದೆತಾಯಿಗಳು ಹಾಗೂ ಜ್ಞಾನಪೋಷಕರು ಆ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತನ್ನು ಬರೆಯುವುದನ್ನು ನಮ್ಮ ಓದುಗರೆಲ್ಲರೂ ಕಂಡಿದ್ದಾರೆ. ಆ ದಿನ ಧರ್ಮಸಭೆ ಮಗುವಿನ ಹಣೆಯ ಮೇಲೆ ಬರೆಯುವ ಬರಹ ಅದೊಂದೇ. ಆದರೆ ದಾವಣಗೆರೆಯಲ್ಲಾಗಲಿ, ಹರಿಹರದಲ್ಲಾಗಲಿ ನಮ್ಮ ಕಥೋಲಿಕ ಮನೆಗಳಿಗೆ ಹೋದಾಗ ನಮ್ಮ ಕಿವಿಗೆ ಹೆಚ್ಚಾಗಿ ಬೀಳುವುದು ಮತ್ತೊಂದು ಬರಹದ ಮಾತು. ಮಗ ಪಿ.ಯು.ಸಿ.ಯಲ್ಲಿ ನಪಾಸಾದರೆ, ಮಗಳ ನಿಶ್ಚಿತಾರ್ಥ ಮುರಿದು ಬಿದ್ದರೆ, ಮನೆಯ ಯಜಮಾನ ಕುಡಿತಕ್ಕೆ ಬಿದ್ದರೆ, "ಎಲ್ಲಾ ನಮ್ಮ ಹಣೆಬರಹ ಫಾದರ್" ಎಂಬ ನಿಟ್ಟುಸಿರು ತಪ್ಪುವುದಿಲ್ಲ.

ಮಗು ಹುಟ್ಟಿದ ಐದಾರನೆಯ ರಾತ್ರಿ ಸೆಟಿವಿ ತಾಯಿ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆಂದು ಉತ್ತರದ ಸೀಮೆಯವರು ಹೇಳುತ್ತಾರೆ; ದಕ್ಷಿಣದ ಕಡೆಯವರು ಆ ಕೆಲಸವನ್ನು ಬ್ರಹ್ಮನಿಗೆ ಒಪ್ಪಿಸುತ್ತಾರೆ. ನಮ್ಮ ಜಿಲ್ಲೆ ಎರಡು ಸೀಮೆಗಳ ನಡುವೆ ಇರುವುದರಿಂದ ನಮ್ಮ ಜನರ ಬಾಯಲ್ಲಿ ಎರಡೂ ಇವೆ. ಈ ನಂಬಿಕೆಯನ್ನು ಹಗುರಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ತಾಳಲಾರದ ದುಃಖವನ್ನು ತಾಳಿಕೊಳ್ಳಲು ಬಡವರಿಗೆ ಅದು ಒದಗಿಸಿದ ಆಸರೆ ಸಣ್ಣದಲ್ಲ. ಆದರೆ ನಮ್ಮಲ್ಲಿ ಅದು ಕ್ರೈಸ್ತ ಉಡುಪು ತೊಟ್ಟು, 'ದೇವರ ಚಿತ್ತ' ಎಂಬ ಹೆಸರಿಟ್ಟುಕೊಂಡು, ಪೀಠದ ಮುಂದಿನ ಸಾಲಿನಲ್ಲಿಯೇ ಬಂದು ಕುಳಿತಿದೆ. ಇದನ್ನು ವಿಚಾರಿಸದೆ ಬಿಡುವಂತಿಲ್ಲ.

ಏಕೆಂದರೆ ಈ ಮಾತು ಬರಿಯ ನಿಟ್ಟುಸಿರಿನಲ್ಲಿ ಮುಗಿಯುವುದಿಲ್ಲ. ಅದರ ಬೆನ್ನಿಗೇ ಕಠಿಣ ಪ್ರಶ್ನೆಗಳು ಬರುತ್ತವೆ. ದೇವರು ಎಲ್ಲವನ್ನೂ ಮುಂಚೆಯೇ ನಿರ್ಧರಿಸಿದ್ದರೆ ನಾವು ಪ್ರಾರ್ಥಿಸುವುದೇಕೆ? ದೇವರು ಕೆಲವರನ್ನು ಆರಿಸಿಕೊಂಡರೆಂದು ಪವಿತ್ರ ಗ್ರಂಥವೇ ಹೇಳುವಾಗ, ಉಳಿದವರನ್ನು ಕೈಬಿಟ್ಟರೆಂದೇ ಅರ್ಥವಲ್ಲವೇ? ಪಾಪನಿವೇದನೆಯಿಲ್ಲದೆ, ಅಂತಿಮ ಅಭ್ಯಂಗವಿಲ್ಲದೆ, ಹೆದ್ದಾರಿಯ ಅಪಘಾತದಲ್ಲಿ ಪ್ರಾಣಬಿಟ್ಟ ನನ್ನ ಮಗ ಆ ಪಟ್ಟಿಯಲ್ಲಿ ಇರಲಿಲ್ಲವೇ? ಈ ಕೊನೆಯ ಪ್ರಶ್ನೆಯನ್ನು ಕೇಳುವ ತಾಯಿಗೆ ತರ್ಕಶಾಸ್ತ್ರದ ಪಾಠ ಒಪ್ಪಿಸಿ ಕಳುಹಿಸಲಾಗದು. ಅವಳಿಗೆ ಸತ್ಯವಾದ ಉತ್ತರ ಬೇಕು. ಅದು ಸತ್ಯವಾಗಿರಬೇಕಾದರೆ ನಾವು ಸ್ವಲ್ಪ ಶ್ರಮಪಟ್ಟು ಮೂಲಕ್ಕೆ ಹೋಗಬೇಕು.

'ಆಯ್ಕೆ' ಎಂಬ ಪದವನ್ನು ಕೇಳಿದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕಾಲೇಜಿನ ಸೂಚನಾಫಲಕ. ಪಟ್ಟಿಯಲ್ಲಿ ಹೆಸರಿದ್ದವರು ಒಳಗೆ, ಇಲ್ಲದವರು ಹೊರಗೆ. ದಾವಣಗೆರೆಯಂತಹ ಕಾಲೇಜುಗಳ ಊರಿನಲ್ಲಿ ಈ ಕಲ್ಪನೆ ಸಹಜವೇ. ಆದರೆ ಬೈಬಲಿನ ಆಯ್ಕೆ ಹಾಗಿಲ್ಲ. ಆದಿಕಾಂಡದ 12ನೆಯ ಅಧ್ಯಾಯದಲ್ಲಿ ದೇವರು ಅಬ್ರಹಾಮನೊಬ್ಬನನ್ನು ಕರೆಯುತ್ತಾರೆ. ಆ ಕರೆಯ ಒಡಲಲ್ಲಿಯೇ ಭೂಮಿಯ ಸಕಲ ಕುಲಗಳಿಗೂ ಆಶೀರ್ವಾದದ ವಾಗ್ದಾನವಿದೆ. ಒಬ್ಬನನ್ನು ಆರಿಸಿದ್ದು ಎಲ್ಲರಿಗಾಗಿ. ಇಸ್ರಯೇಲರನ್ನು ಆರಿಸಿದ್ದು ಅವರು ದೊಡ್ಡ ಜನಾಂಗವೆಂದಲ್ಲ, ಎಲ್ಲಕ್ಕಿಂತ ಚಿಕ್ಕ ಜನಾಂಗವಾಗಿದ್ದರೂ ದೇವರು ಅವರನ್ನು ಪ್ರೀತಿಸಿದ್ದರಿಂದ ಎಂದು ಧರ್ಮೋಪದೇಶಕಾಂಡ ನೆನಪಿಸುತ್ತದೆ. ಪ್ರವಾದಿ ಆಮೋಸನಂತೂ ಒಂದು ಹೆಜ್ಜೆ ಮುಂದೆ ಹೋಗಿ, ಆಯ್ಕೆಯಾದವರೆಂಬ ಕಾರಣಕ್ಕೇ ದೇವರು ನಿಮ್ಮಿಂದ ಹೆಚ್ಚು ಲೆಕ್ಕ ಕೇಳುತ್ತಾರೆಂದು ಎಚ್ಚರಿಸುತ್ತಾನೆ. ಕಥೋಲಿಕರಾಗಿ ಹುಟ್ಟಿದ್ದೇ ಸಾಕು, ಬಾಗಿಲು ತೆರೆದಿದೆ ಎಂದು ನಿಶ್ಚಿಂತೆಯಿಂದಿರುವವರು ಆಮೋಸನ 3ನೆಯ ಅಧ್ಯಾಯವನ್ನು ಒಮ್ಮೆ ಓದಿದರೆ ಒಳಿತು.

ಸಂತ ಪೌಲರು ರೋಮನರಿಗೆ ಬರೆದ ಪತ್ರದ 9ನೆಯ ಅಧ್ಯಾಯವೇ ಎಲ್ಲರನ್ನೂ ತಡವರಿಸುವಂತೆ ಮಾಡುವ ಸ್ಥಳ. ಯಕೋಬನನ್ನು ಪ್ರೀತಿಸಿ ಏಸಾವನನ್ನು ತಳ್ಳಿದ ದೇವರು, ಫರೋಹನ ಹೃದಯವನ್ನು ಕಲ್ಲಾಗಿಸಿದ ದೇವರು, ಒಂದೇ ಮಣ್ಣಿನಿಂದ ಒಂದು ಪಾತ್ರೆಯನ್ನು ಗೌರವಕ್ಕೂ ಇನ್ನೊಂದನ್ನು ಹೀನಬಳಕೆಗೂ ಮಾಡುವ ಕುಂಬಾರ. ಈ ಅಧ್ಯಾಯವೊಂದನ್ನೇ ಕತ್ತರಿಸಿ ಓದಿದರೆ ಯಾರಿಗಾದರೂ ಎದೆ ಒಡೆಯುತ್ತದೆ. ಆದರೆ ಪೌಲರ ವಾದ ಮೂರು ಅಧ್ಯಾಯಗಳ ಉದ್ದಕ್ಕೆ ಹರಿದು, 11ನೆಯ ಅಧ್ಯಾಯದ ಕೊನೆಯಲ್ಲಿ ದೇವರು ಸರ್ವರಿಗೂ ಕರುಣೆ ತೋರುವುದಕ್ಕಾಗಿಯೇ ಹೀಗೆ ಮಾಡಿದರೆಂಬ ಮಾತಿಗೆ ಬಂದು ನಿಲ್ಲುತ್ತದೆ. ಅಲ್ಲಿ ಪೌಲರನ್ನು ಕಾಡಿದ ಪ್ರಶ್ನೆ ಯಾವ ವ್ಯಕ್ತಿ ನರಕಕ್ಕೆ ಹೋಗುತ್ತಾನೆಂಬುದಲ್ಲ. ಮೊದಲು ಕರೆಯಲ್ಪಟ್ಟ ಇಸ್ರಯೇಲ್ ಕ್ರಿಸ್ತರನ್ನು ಸ್ವೀಕರಿಸದಿರುವಾಗ ದೇವರ ವಾಗ್ದಾನ ಸುಳ್ಳಾಯಿತೇ ಎಂಬುದು. ಏಸಾವನ ಕಥೆಯನ್ನೂ ನಾವು ಅರ್ಧಕ್ಕೇ ಬಿಡುತ್ತೇವೆ. ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಮೋಸಹೋದ ಆ ಅಣ್ಣನೇ ಓಡಿಬಂದು ತಮ್ಮನನ್ನು ತಬ್ಬಿಕೊಂಡು ಅಳುತ್ತಾನೆ. ಆಯ್ಕೆಯಾದ ಯಕೋಬನು ಆಯ್ಕೆಯಾಗದ ಅಣ್ಣನ ಮುಖದಲ್ಲಿ ದೇವರ ಮುಖವನ್ನು ಕಂಡಂತಾಯಿತೆಂದು ಹೇಳುತ್ತಾನೆ. ಇದು ಶಾಪಗ್ರಸ್ತನ ಚಿತ್ರವೇ?

ಇನ್ನು ಕುಂಬಾರನ ಮಾತು. ಆ ಹೋಲಿಕೆಗೆ ಹಿಂದೆ ಪ್ರವಾದಿ ಯೆರೆಮೀಯನ 18ನೆಯ ಅಧ್ಯಾಯವಿದೆ. ಅಲ್ಲಿ ತಿಗರಿಯ ಮೇಲಿನ ಮಡಕೆ ಕೆಡುತ್ತದೆ. ಕುಂಬಾರ ಅದನ್ನು ಬಿಸುಡುವುದಿಲ್ಲ. ಅದೇ ಮಣ್ಣನ್ನು ಮತ್ತೆ ಮುದ್ದೆ ಮಾಡಿ ಬೇರೊಂದು ಪಾತ್ರೆ ತಿರುಗಿಸುತ್ತಾನೆ. ಜನ ಮನಸ್ಸು ತಿರುಗಿಸಿದರೆ ತಾನೂ ಶಿಕ್ಷೆಯನ್ನು ಹಿಂದೆಗೆಯುವೆನೆಂದು ದೇವರು ಅಲ್ಲಿ ತಿಳಿಸುತ್ತಾರೆ. ಹಣೆಬರಹವನ್ನು ಯಾವ ಕುಂಬಾರನೂ ಹೀಗೆ ಮತ್ತೆ ಮತ್ತೆ ತಿದ್ದುವುದಿಲ್ಲ.

ಈ ಸಮಸ್ಯೆ ಕ್ರೈಸ್ತರಿಗಷ್ಟೇ ಸೇರಿದ್ದೆಂದು ಯಾರೂ ತಿಳಿಯಬಾರದು. ನಮ್ಮ ಕನ್ನಡ ನೆಲದಲ್ಲಿಯೇ, 13ನೆಯ ಶತಮಾನದಲ್ಲಿ, ಉಡುಪಿಯ ಶ್ರೀ ಮಧ್ವಾಚಾರ್ಯರು ಜೀವರಲ್ಲಿ ಸ್ವಭಾವತಃ ಮೂರು ವರ್ಗಗಳಿವೆಯೆಂದು ಬೋಧಿಸಿದರು: ಮುಕ್ತಿಗೆ ಯೋಗ್ಯರು, ನಿತ್ಯವೂ ಸಂಸಾರದಲ್ಲಿಯೇ ಸುತ್ತುವವರು, ತಮಸ್ಸಿಗೆ ಯೋಗ್ಯರು. ಮೂರು ಶತಮಾನಗಳ ಬಳಿಕ ಜಿನೀವಾ ನಗರದಲ್ಲಿ ಜಾನ್ ಕಾಲ್ವಿನ್ ಬೋಧಿಸಿದ ಪೂರ್ವನಿರ್ಣಯಕ್ಕೆ ಇದನ್ನು ಹೋಲಿಸುವವರುಂಟು. ಹೋಲಿಕೆ ಮೇಲ್ನೋಟಕ್ಕೆ ನಿಜ. ಆದರೆ ತತ್ತ್ವಶಾಸ್ತ್ರದ ವಿದ್ಯಾರ್ಥಿ ಗಮನಿಸಬೇಕಾದ ವ್ಯತ್ಯಾಸ ಬೇರೆಯೇ ಇದೆ. ಮಧ್ವಮತದಲ್ಲಿ ಜೀವರು ಅನಾದಿ; ದೇವರು ಅವರನ್ನು ಶೂನ್ಯದಿಂದ ಉಂಟುಮಾಡಿದವನಲ್ಲ. ಅವರವರ ಸ್ವಭಾವ ಅವರವರದೇ ಆದ್ದರಿಂದ, ಅದಕ್ಕೆ ತಕ್ಕ ಗತಿಯನ್ನು ನೀಡುವ ದೇವರ ಮೇಲೆ ಪಕ್ಷಪಾತದ ದೋಷ ಬಾರದು. ನಮಗೆ ಆ ದಾರಿ ಇಲ್ಲ. ಪ್ರತಿಯೊಂದು ಆತ್ಮವನ್ನೂ ದೇವರೇ ಶೂನ್ಯದಿಂದ ಸೃಷ್ಟಿಸುತ್ತಾರೆಂದು ನಾವು ವಿಶ್ವಾಸಿಸುತ್ತೇವೆ. ಹಾಗಿರುವಾಗ ಒಬ್ಬನನ್ನು ನಾಶಕ್ಕೆಂದೇ ಗೊತ್ತುಮಾಡಲಾಗಿದೆಯೆಂದು ಹೇಳಿದರೆ, ಅವನನ್ನು ನಾಶಕ್ಕಾಗಿಯೇ ಸೃಷ್ಟಿಸಲಾಯಿತೆಂದು ಹೇಳಿದಂತಾಗುತ್ತದೆ. ತಂದೆಯೆಂದು ನಾವು ಕರೆಯುವ ದೇವರ ಬಗ್ಗೆ ಇಂತಹ ಮಾತು ಆಡಲಾಗದು. ಕಥೋಲಿಕ ಮನೆಯಲ್ಲಿ ಹಣೆಬರಹದ ಮಾತು ನೆರೆಮನೆಯಲ್ಲಿರುವುದಕ್ಕಿಂತ ಹೆಚ್ಚು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

ನಮ್ಮ ತುಂಗಭದ್ರೆಯ ಎರಡು ದಡಗಳಿಗೂ ಈ ಚರ್ಚೆಯ ನಂಟಿದೆ. 1956ರ ಏಕೀಕರಣದವರೆಗೆ ಹರಿಹರದ ಕಡೆ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆ. ಆಚೆಯ ಧಾರವಾಡ ಜಿಲ್ಲೆಯಲ್ಲಿ ದುಡಿದ ಬಾಸೆಲ್ ಮಿಶನ್ನಿನವರು ಲೂಥರ್ ಹಾಗೂ ಸ್ವಿಸ್ ಸುಧಾರಕರ ಪರಂಪರೆಯವರು. ಈಚೆಯ ಮೈಸೂರು ಸಂಸ್ಥಾನದಲ್ಲಿ ದುಡಿದ ವೆಸ್ಲಿಯನ್ ಮಿಶನ್ನಿನ ಮೂಲಪುರುಷ ಜಾನ್ ವೆಸ್ಲಿಯಾದರೋ 18ನೆಯ ಶತಮಾನದಲ್ಲಿ ಕಾಲ್ವಿನನ ಪೂರ್ವನಿರ್ಣಯವನ್ನು ಕಟುವಾಗಿ ವಿರೋಧಿಸಿದವನು. ಆ ಕಾರಣಕ್ಕೆ ತನ್ನ ಆಪ್ತ ಗೆಳೆಯ ವೈಟ್‌ಫೀಲ್ಡನೊಡನೆ ಮುನಿಸಿಕೊಂಡವನು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಇಂತಹ ಭಿನ್ನ ಪರಂಪರೆಗಳವರು ಒಂದೇ ಸಭೆಯೊಳಗೆ ಬಂದರು. ಜಗಳ ತೀರಿದ್ದರಿಂದಲ್ಲ, ಜಗಳಕ್ಕಿಂತ ಕ್ರಿಸ್ತರು ದೊಡ್ಡವರೆಂದು ಕಂಡಿದ್ದರಿಂದ ಎಂದು ನಾವು ಭಾವಿಸುತ್ತೇವೆ. ಮನುಷ್ಯ ನೀತಿವಂತನಾಗುವುದು ದೇವರ ಕೃಪೆಯಿಂದಲೇ ಎಂಬ ಬಗ್ಗೆ ಕಥೋಲಿಕರೂ ಲೂಥರನ್ನರೂ 1999ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. ಮೆಥೋಡಿಸ್ಟರು 2006ರಲ್ಲಿ, ಕಾಲ್ವಿನ್ ಪರಂಪರೆಯ ಸಭೆಗಳು 2017ರಲ್ಲಿ ಅದಕ್ಕೆ ದನಿಗೂಡಿಸಿದರು.

ಹಾಗಾದರೆ ಕಥೋಲಿಕ ಧರ್ಮಸಭೆ ಏನು ಹೇಳುತ್ತದೆ? ಅದು ಎರಡು ಬೇಲಿಗಳನ್ನು ಹಾಕಿದೆ. ಮನುಷ್ಯ ತನ್ನ ಸ್ವಂತ ಬಲದಿಂದಲೇ ಒಳ್ಳೆಯವನಾಗಿ ಸ್ವರ್ಗ ಗಳಿಸಬಲ್ಲನೆಂಬ ಪೆಲಾಜಿಯಸನ ವಾದವನ್ನು ಕಾರ್ಥೇಜಿನ ಸಭೆ 418ರಲ್ಲಿ ತಳ್ಳಿಹಾಕಿತು. ವಿಶ್ವಾಸದ ಮೊದಲ ಮಿಡಿತವೂ ಕೃಪೆಯಿಂದಲೇ ಎಂದು 529ರಲ್ಲಿ ಓರೆಂಜಿನ ಸಭೆ ಸ್ಪಷ್ಟಪಡಿಸಿತು. ಇದು ಒಂದು ಬೇಲಿ. ಓರೆಂಜಿನ ಸಭೆಯೇ, ದೇವರು ಯಾರನ್ನಾದರೂ ಕೇಡಿಗೆ ಪೂರ್ವನಿರ್ಣಯಿಸಿದ್ದಾರೆಂಬ ಮಾತನ್ನು ಅಸಹ್ಯದಿಂದ ನಿರಾಕರಿಸಿತು. 1547ರಲ್ಲಿ ಟ್ರೆಂಟ್ ಮಹಾಸಭೆ, ದೇವರು ಮನುಷ್ಯನ ಇಚ್ಛೆಯನ್ನು ಮುಟ್ಟಿ ಎಬ್ಬಿಸಿದಾಗಲೂ ಅದು ಕೊರಡಿನಂತೆ ಬಿದ್ದಿರುವುದಿಲ್ಲ, ಸಹಕರಿಸಬಲ್ಲದು, ನಿರಾಕರಿಸಲೂ ಬಲ್ಲದು ಎಂದು ಬೋಧಿಸಿತು. ಇದು ಇನ್ನೊಂದು ಬೇಲಿ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1037ನೆಯ ಕಂಡಿಕೆ, ನರಕಕ್ಕೆಂದು ದೇವರು ಯಾರನ್ನೂ ಗೊತ್ತುಮಾಡಿಲ್ಲವೆಂದು ನೇರವಾಗಿಯೇ ಹೇಳುತ್ತದೆ.

ಬೇಲಿಗಳ ನಡುವಿನ ಬಯಲನ್ನು ಮಾತ್ರ ಧರ್ಮಸಭೆ ಮುಕ್ತವಾಗಿ ಬಿಟ್ಟಿದೆ. ಕೃಪೆಯೂ ಸ್ವಾತಂತ್ರ್ಯವೂ ಹೇಗೆ ಕೂಡಿ ಕೆಲಸ ಮಾಡುತ್ತವೆಂಬ ಬಗ್ಗೆ ದೊಮಿನಿಕನ್ ಸಭೆಯ ಬಾನ್ಯೆಸ್ ಒಂದು ರೀತಿ ಹೇಳಿದರು, ಯೇಸುಸಭೆಯ ಮೊಲಿನಾ ಇನ್ನೊಂದು ರೀತಿ ಹೇಳಿದರು. 16ನೆಯ ಶತಮಾನದ ಕೊನೆಯಲ್ಲಿ ರೋಮಿನ ತನಕ ಹೋದ ಈ ವ್ಯಾಜ್ಯವನ್ನು ವರ್ಷಗಟ್ಟಲೆ ಆಲಿಸಿದ ಮೇಲೆ 1607ರಲ್ಲಿ ಜಗದ್ಗುರು ಐದನೆಯ ಪೌಲರು ಯಾರನ್ನೂ ಗೆಲ್ಲಿಸಲಿಲ್ಲ. ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಕೂಡದೆಂದು ಹೇಳಿ ಮನೆಗೆ ಕಳುಹಿಸಿದರು. ಗುರುಮಠದ ತರಗತಿಗಳಲ್ಲಿ ನಾವೂ ಒಂದು ವಾರ ಬಾನ್ಯೆಸರ ಪಕ್ಷ, ಮತ್ತೊಂದು ವಾರ ಮೊಲಿನಾರ ಪಕ್ಷ ವಹಿಸಿ ಗಂಟಲು ಹರಿದುಕೊಂಡದ್ದುಂಟು. ಈ ವಯಸ್ಸಿನಲ್ಲಿ ಜಗದ್ಗುರುಗಳ ಆ ತೀರ್ಪೇ ಹೆಚ್ಚು ಜಾಣತನದ್ದೆಂದು ತೋರುತ್ತದೆ.

ಆದರೂ ಒಂದೆರಡು ಗಂಟುಗಳನ್ನು ಬಿಚ್ಚಬಹುದು. ದೇವರಿಗೆ ನಾಳೆ ನಡೆಯುವುದು ಇಂದೇ ತಿಳಿದಿದೆಯೆಂದರೆ ಅದು ನಡೆಯಲೇಬೇಕಲ್ಲವೇ ಎಂಬುದು ಮೊದಲ ಗಂಟು. ಸಂತ ಥಾಮಸ್ ಅಕ್ವಿನಾಸರು ಇದಕ್ಕೊಂದು ಹೋಲಿಕೆ ಕೊಡುತ್ತಾರೆ. ದಾರಿಯಲ್ಲಿ ನಡೆಯುವವನಿಗೆ ತನ್ನ ಹಿಂದೆ ಬರುವವರು ಕಾಣುವುದಿಲ್ಲ. ಗುಡ್ಡದ ಮೇಲೆ ನಿಂತವನಿಗೆ ಇಡೀ ದಾರಿ ಒಂದೇ ನೋಟಕ್ಕೆ ಕಾಣುತ್ತದೆ. ಅವನು ನೋಡಿದ್ದರಿಂದ ಯಾರೂ ನಡೆಯುವುದಿಲ್ಲ. ದೇವರಿಗೆ 'ಮುಂಚೆ' ಎಂಬುದಿಲ್ಲ, ಎಲ್ಲ ಕಾಲವೂ ಅವರ ಎದುರಿಗೆ ಇಂದೇ. ನಾವು 'ಪೂರ್ವಜ್ಞಾನ' ಎನ್ನುವುದು ನಮ್ಮ ಕಡೆಯಿಂದ ಆಡುವ ಮಾತು.

ಎರಡನೆಯ ಗಂಟು ಬಿಗಿಯಾದದ್ದು: ಒಳ್ಳೆಯದನ್ನು ಮಾಡುವವರು ದೇವರೋ, ನಾವೋ? ನಮ್ಮ ಜಿಲ್ಲೆಯ ರೈತ ಕುಟುಂಬಗಳಿಗೆ ತಿಳಿದಿರುವ ಭದ್ರಾ ನಾಲೆಯನ್ನೇ ತೆಗೆದುಕೊಳ್ಳೋಣ. ನೀರು ಲಕ್ಕವಳ್ಳಿಯ ಜಲಾಶಯದಿಂದ ಬರುತ್ತದೆ. ಅದನ್ನು ರೈತ ಉಂಟುಮಾಡಲಾರ. ಅವನು ಮಾಡುವುದು ಗದ್ದೆಯ ಬದುವನ್ನು ಕಡಿದು ನೀರನ್ನು ಒಳಗೆ ಬಿಟ್ಟುಕೊಳ್ಳುವುದಷ್ಟೇ. ಆದರೂ ಭತ್ತ ಅವನ ಬೆಳೆಯೇ. ಉಪದೇಶಿಗಳು ಬಳಸುವ ಇಂತಹ ಹೋಲಿಕೆ ಚೆನ್ನಾಗಿದೆ, ಆದರೆ ಎರಡು ಕಡೆ ಕುಂಟುತ್ತದೆ. ಮೊದಲನೆಯದಾಗಿ, ಬದು ಕಡಿಯುವ ರೈತನ ತೋಳಿನ ಕಸುವೂ ದೇವರ ದಾನವೇ. ನೀರು ದೇವರದು, ಗುದ್ದಲಿಯ ಏಟು ಸಂಪೂರ್ಣ ನಮ್ಮದು ಎಂದು ಪಾಲು ಹಂಚುವಂತಿಲ್ಲ. ನಮ್ಮಲ್ಲಿ ಸಂಕಲ್ಪವನ್ನೂ ಕಾರ್ಯವನ್ನೂ ಉಂಟುಮಾಡುವವರು ದೇವರೇ ಎಂದು ಪೌಲರು ಫಿಲಿಪ್ಪಿಯವರಿಗೆ ಬರೆಯುವುದು, ನಿಮ್ಮ ರಕ್ಷಣೆಗಾಗಿ ನೀವೇ ಶ್ರಮಿಸಿರೆಂದು ಹೇಳಿದ ಮರುಕ್ಷಣದಲ್ಲಿ. ದೇವರು ಹೆಚ್ಚು ಮಾಡಿದರೆ ನಮ್ಮ ಪಾಲು ಕಡಿಮೆಯಾಗುತ್ತದೆಂಬ ಲೆಕ್ಕ ಇಬ್ಬರು ಮನುಷ್ಯರು ಒಂದು ಮೂಟೆ ಹೊರುವಾಗಿನ ಲೆಕ್ಕ. ಕೃಪೆ ಹೆಚ್ಚಿದಷ್ಟೂ ಮನುಷ್ಯ ಹೆಚ್ಚು ಸ್ವತಂತ್ರನಾಗುತ್ತಾನೆ. ಕುಡಿತ ಬಿಟ್ಟವನನ್ನು ಕೇಳಿ ನೋಡಿ: ದೇವರೇ ಬಿಡಿಸಿದರು ಎನ್ನುತ್ತಾನೆ, ಈಗಲೇ ನಾನು ನನ್ನ ಕೈಯಲ್ಲಿದ್ದೇನೆ ಎಂದೂ ಅವನೇ ಹೇಳುತ್ತಾನೆ. ಎರಡೂ ನಿಜ.

ಹೋಲಿಕೆ ಕುಂಟುವ ಇನ್ನೊಂದು ಕಡೆ ಅಚ್ಚುಕಟ್ಟಿನ ಕೊನೆಯ ಭಾಗ. ಮೇಲಿನವರು ನೀರು ಎತ್ತಿಕೊಂಡು ಕೊನೆಯ ಹಳ್ಳಿಗಳಿಗೆ ತಲುಪದೆ ಹೋಗುವ ದುಃಖ ನಮ್ಮ ರೈತರಿಗೆ ಗೊತ್ತು. ದೇವರ ಕೃಪೆಗೆ ಕೊನೆಯ ಭಾಗವಿಲ್ಲ. ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಬಯಕೆಯೆಂದು ತಿಮೊಥೇಯನಿಗೆ ಬರೆದ ಮೊದಲ ಪತ್ರದ 2ನೆಯ ಅಧ್ಯಾಯ ಹೇಳುತ್ತದೆ. ಆ 'ಎಲ್ಲರೂ' ಎಂಬುದಕ್ಕೆ ಷರತ್ತಿಲ್ಲ. ಆದರೆ ಮೇಲಿನ ಭಾಗದವರು ಕಾಲುವೆಗೆ ಅಡ್ಡಗಟ್ಟಿ ಕೆಳಗಿನವರ ಗದ್ದೆ ಒಣಗುವಂತೆ ಮಾಡಬಲ್ಲರು. ಅದು ಮನುಷ್ಯರ ಕೆಲಸ. ಅದಕ್ಕೆ ದೇವರ ಚಿತ್ತವೆಂಬ ಹೆಸರು ಸಲ್ಲದು.

ಇದೆಲ್ಲವೂ ಒಂದೇ ಘಟನೆಯಲ್ಲಿ ಕಾಣಬೇಕೆಂದರೆ ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗಬೇಕು. 2019ರಲ್ಲಿ ಕಿರಿಯ ಬಸಿಲಿಕಾ ಪದವಿ ಪಡೆದ ಆ ದೇವಾಲಯಕ್ಕೆ ಪ್ರತಿವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿಮತವೆನ್ನದೆ ಜನ ಬರುತ್ತಾರೆ. ಲೋಕರಕ್ಷಕರ ತಾಯಿಯಾಗಲು ಅನಾದಿಯಿಂದ ಆಯ್ಕೆಯಾದವರು ಮರಿಯಮ್ಮನವರು. ಆಯ್ಕೆಗಳಲ್ಲೆಲ್ಲ ಹಿರಿದಾದ ಆಯ್ಕೆ ಅದು. ಆದರೂ ದೂತನು ಬಂದು ಆಜ್ಞೆಯ ಪತ್ರ ಕೊಟ್ಟು ಹೋಗಲಿಲ್ಲ. ಆಕೆ ಪ್ರಶ್ನೆ ಕೇಳಿದರು. ಅವನು ಉತ್ತರಿಸಿ ಕಾದು ನಿಂತನು. ಆ ಕ್ಷಣದಲ್ಲಿ ಇಡೀ ಲೋಕವೇ ಆಕೆಯ ಒಪ್ಪಿಗೆಗಾಗಿ ಉಸಿರು ಹಿಡಿದು ಕಾದಿತ್ತೆಂದು 12ನೆಯ ಶತಮಾನದ ಸಂತ ಬರ್ನಾರ್ಡರು ತಮ್ಮ ಪ್ರವಚನದಲ್ಲಿ ವರ್ಣಿಸಿದ್ದಾರೆ. ಅನಾದಿಯಿಂದ ಆರಿಸಿಕೊಂಡ ದೇವರು ಒಬ್ಬ ಹಳ್ಳಿಯ ಹುಡುಗಿಯ ಬಾಯಿಂದ 'ಆಗಲಿ' ಎಂಬ ಮಾತು ಬರುವವರೆಗೆ ಕಾಯುತ್ತಾರೆ. ಹರಕೆ ಹೊತ್ತು ಬರುವವರಲ್ಲಿ ಎಷ್ಟೋ ಜನ ತಮ್ಮ ಹಣೆಬರಹ ಬದಲಿಸಿಕೊಡೆಂದು ಆ ತಾಯಿಯನ್ನು ಬೇಡುತ್ತಾರೆ. ಬೇಡಲಿ, ತಪ್ಪಿಲ್ಲ. ಆದರೆ ತಾಯಿ ಅಲ್ಲಿ ನಿಂತಿರುವುದೇ ಅಂತಹ ಬರಹವೊಂದು ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ.

ಇನ್ನು ನಮ್ಮ ಮನೆಗಳ ಮಾತು. ದುಡಿದ ಹಣವನ್ನೆಲ್ಲ ಅಂಗಡಿಗೆ ಸುರಿದು ಬಂದು ಹೆಂಡತಿಯ ಮೇಲೆ ಕೈಯೆತ್ತುವವನ ಮನೆಯಲ್ಲಿ, ಇದು ದೇವರು ಕೊಟ್ಟ ಶಿಲುಬೆ, ಹೊತ್ತುಕೋ ತಾಯಿ ಎಂದು ಹಿರಿಯರು ಬುದ್ಧಿ ಹೇಳುವುದನ್ನು ನಾವು ಕಂಡಿದ್ದೇವೆ. ಆ ಏಟು ದೇವರ ಚಿತ್ತವಲ್ಲ. ಅದು ಒಬ್ಬ ಮನುಷ್ಯನು ತನ್ನ ಸ್ವಾತಂತ್ರ್ಯವನ್ನು ಕೆಡಿಸಿಕೊಂಡು ಮಾಡಿದ ಪಾಪ. ತಡೆಯಬಲ್ಲವರು ತಡೆಯದಿದ್ದರೆ ಆ ಪಾಪದಲ್ಲಿ ಅವರಿಗೂ ಪಾಲಿದೆ. ಸಿರಾಖನ ಗ್ರಂಥದ 15ನೆಯ ಅಧ್ಯಾಯ, ನನ್ನನ್ನು ದಾರಿತಪ್ಪಿಸಿದವರು ದೇವರೇ ಎನ್ನುವವನಿಗೆ ಕೊಡುವ ಉತ್ತರ ಬಹಳ ಖಾರವಾಗಿದೆ. ಹಾಗಂತ ಎಲ್ಲ ಸಂಕಟವನ್ನೂ ಯಾರದೋ ತಪ್ಪಿನ ಖಾತೆಗೆ ಬರೆಯಬೇಕಾಗಿಲ್ಲ. ಕಾಯಿಲೆಗೆ, ಬರಗಾಲಕ್ಕೆ ತಪ್ಪಿತಸ್ಥನನ್ನು ಹುಡುಕಿ ಫಲವಿಲ್ಲ.

ಮಗನನ್ನು ಕಳೆದುಕೊಂಡ ತಾಯಿಗೆ ಧರ್ಮಸಭೆಯ ಉತ್ತರ ಇದು. ಧರ್ಮಸಭೆ ಸಾವಿರಾರು ಜನರನ್ನು ಸಂತರೆಂದು ಘೋಷಿಸಿದೆ. ಇಂಥವರು ನರಕದಲ್ಲಿದ್ದಾರೆಂದು ಇದುವರೆಗೆ ಒಬ್ಬರ ಹೆಸರನ್ನೂ ಘೋಷಿಸಿಲ್ಲ. ಯೂದ ಇಸ್ಕಾರಿಯೋತನ ಹೆಸರನ್ನೂ ಇಲ್ಲ. ಆತ್ಮಹತ್ಯೆ ಮಾಡಿಕೊಂಡವರ ನಿತ್ಯರಕ್ಷಣೆಯ ಬಗ್ಗೆಯೂ ನಿರಾಶರಾಗಬಾರದೆಂದು ಧರ್ಮೋಪದೇಶ ಗ್ರಂಥದ 2283ನೆಯ ಕಂಡಿಕೆ ಕಲಿಸುತ್ತದೆ. ತಾನು ಆಯ್ಕೆಯಾದವನೆಂದು ವಿಶೇಷ ದೈವಪ್ರಕಟಣೆಯಿಲ್ಲದೆ ಯಾರೂ ಖಚಿತವಾಗಿ ಹೇಳಿಕೊಳ್ಳಲಾರರೆಂದು ಟ್ರೆಂಟ್ ಮಹಾಸಭೆ ಹೇಳಿರುವಾಗ, ಇನ್ನೊಬ್ಬರ ಮಗ ಆಯ್ಕೆಯಾಗಲಿಲ್ಲವೆಂದು ಹೇಳಲು ನೆರೆಹೊರೆಯವರಿಗೆ ಅಧಿಕಾರ ಕೊಟ್ಟವರಾರು? ಆ ತಾಯಿ ಮಗನಿಗಾಗಿ ಪೂಜೆ ಕೊಡಿಸಲಿ. ದೇವರಿಗೆ ಕಾಲದ ಹಿಂದುಮುಂದು ಇಲ್ಲದಿರುವಾಗ ಇಂದು ಅವಳು ಮಾಡುವ ಪ್ರಾರ್ಥನೆ, ಅಂದು ಹೆದ್ದಾರಿಯಲ್ಲಿ ಅವನು ಕೊನೆಯುಸಿರೆಳೆದ ಕ್ಷಣಕ್ಕೆ ತಡವಾಗಿ ತಲುಪಿತೆಂದು ಭಯಪಡಬೇಕಾಗಿಲ್ಲ.

ಇನ್ನೊಂದು ಬಗೆಯ ಮನೆಯ ಬಗ್ಗೆ ಬರೆಯದಿದ್ದರೆ ಈ ಲೇಖನ ಅರ್ಧಕ್ಕೆ ನಿಲ್ಲುತ್ತದೆ. ಗುರುವಾಗಲು ಹೋದ ಹುಡುಗ ಮೂರುನಾಲ್ಕು ವರ್ಷಗಳ ಬಳಿಕ ಗುರುಮಠ ಬಿಟ್ಟು ಮನೆಗೆ ಮರಳುತ್ತಾನೆ. ದೇವರ ಕರೆಯನ್ನು ತಿರಸ್ಕರಿಸಿದವನೆಂದು ಊರೆಲ್ಲ ಪಿಸುಗುಡುತ್ತದೆ. ತಾಯಿ ತಲೆಯೆತ್ತಿ ಬಲಿಪೂಜೆಗೆ ಬರಲು ಹಿಂಜರಿಯುತ್ತಾಳೆ. ಗುರುಮಠದ ವರ್ಷಗಳು ಕರೆಯನ್ನು ಎರಡೂ ಕಡೆಯಿಂದ ಪರೀಕ್ಷಿಸಿ ನೋಡಲೆಂದೇ ಇರುವ ವರ್ಷಗಳು. ಅಲ್ಲಿಂದ ಪ್ರಾಮಾಣಿಕವಾಗಿ ಹೊರಬರುವುದೂ ಆ ಪರೀಕ್ಷೆಯ ಒಂದು ಫಲ. ದೇವರು ಒಮ್ಮೆ ಕರೆದು, ಉತ್ತರ ಬೇರೆಯಾದರೆ ಬಾಗಿಲು ಹಾಕಿಕೊಳ್ಳುವವರಲ್ಲ. ಶಿಕ್ಷಕನಾಗಿ, ತಂದೆಯಾಗಿ, ರೈತನಾಗಿ ಅವನನ್ನು ಮತ್ತೆ ಕರೆಯುತ್ತಾರೆ. ಅಂತಹ ಹುಡುಗರು ನಮ್ಮ ಎರಡೂ ಊರುಗಳಲ್ಲಿ ಇದ್ದಾರೆ. ಲತೀನಿನ ಒಂದಿಷ್ಟು, ಬೈಬಲಿನ ಬಹಳಷ್ಟು ಕಲಿತು ಬಂದಿರುವ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದೇವೆ. ಬರುವ ಭಾನುವಾರ ಮೊದಲ ವಾಚನ ಓದಲು ಯಾರಿದ್ದಾರೆಂದು ಧರ್ಮಕೇಂದ್ರದ ಪಾಲನಾ ಸಮಿತಿಯವರು ಹುಡುಕುತ್ತಿದ್ದರೆ, ಆ ಬೆಂಚಿನ ಕಡೆ ಒಮ್ಮೆ ನೋಡಬಹುದು.